ಅಮ್ಮನ ಮಗ್ಗದ ಕುಳಿಗೆ ಬಂದ ನೀರು

ತಮಿಳು ಸೀಮೆಯಲ್ಲಿ ಕನ್ನಡ ಮಾತಾಡುವ ನೇಕಾರರ ಬೀದಿ ನಮ್ಮದು. ಇಲ್ಲಿ ಎಲ್ಲರ ಮನೆಯ ಮಗ್ಗವೂ ನೆಲಕ್ಕೆ ಹತ್ತಿಕೊಂಡೇ ಇರುತ್ತದೆ. ನೇಯುವವರು ನೆಲದ ಮೇಲೆ ಕೂತು, ಮಗ್ಗದ ಕೆಳಗೆ ತೋಡಿದ ಕುಳಿಯೊಳಗೆ ಕಾಲು ಇಳಿಬಿಡುತ್ತಾರೆ. ಬೀದಿ ಮುಗಿದಲ್ಲಿ ಕೆರೆ. ಕೆರೆ ಪೂರ್ತಿ ತುಂಬಿದರೆ ಕುಳಿಗಳಲ್ಲಿ ನೀರು ಒಸರುತ್ತದೆ. ಹಾಗಾಗಿ ನಮ್ಮವರು ಅದನ್ನು ಎಂದೂ ಪೂರ್ತಿ ತುಂಬಗೊಟ್ಟವರಲ್ಲ. ಏರಿಯ ಬೇವಿನ ಮರದ ಬೇರಿಗೆ ನೀರು ಮುಟ್ಟಿತೆಂದರೆ ಯಾರಾದರೂ ಹೋಗಿ ತೂಬು ಎತ್ತಿ ಬರುತ್ತಿದ್ದರು. ಬೇಸಿಗೆಯಲ್ಲಿ ಬಾವಿ ಒಣಗಿದಾಗ ಕೆಳಗಿನ ತೋಟದವರು ನಮ್ಮನ್ನು ಬೈಯುತ್ತಿದ್ದರು. ಆ ಬೈಗುಳದಲ್ಲಿ ನ್ಯಾಯವಿತ್ತು. ನಾವು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಅಷ್ಟೆ.

ಆಮೇಲೆ ಕೆರೆ ಯಾವುದೋ ಜಲಾನಯನ ಯೋಜನೆಗೆ ಸೇರಿತು. ಹೂಳು ತೆಗೆದರು, ಏರಿ ಎತ್ತರಿಸಿದರು, ತೂಬಿಗೆ ಕಬ್ಬಿಣದ ಬಾಗಿಲು ಕೂರಿಸಿ ಬೀಗ ಜಡಿದರು. ಕೀಲಿ ಕೋಯಮತ್ತೂರಿನ ಕಚೇರಿಯಲ್ಲಿ. ಅದನ್ನು ತಿರುಗಿಸುವ ಅಪ್ಪಣೆ ಚೆನ್ನೈಯಿಂದ ಬರಬೇಕಂತೆ. ಕೆಲಸವೇನೋ ಅಚ್ಚುಕಟ್ಟಾಗಿತ್ತು, ಸುಳ್ಳು ಹೇಳಬಾರದು.

ದೀಪಾವಳಿ ಬರುವ ಐಪ್ಪಸಿ ತಿಂಗಳ ಮಳೆ ಹಿಡಿದ ವಾರ, ತಿರುಪ್ಪೂರಿನ ಬನಿಯನ್ ಕಂಪನಿಯ ಕೆಲಸ ಮುಗಿಸಿ ಮನೆಗೆ ಬಂದಾಗ ಅಮ್ಮ ಮಗ್ಗದ ಮುಂದೆ ಕಾಲು ಮೇಲೆತ್ತಿಕೊಂಡು ಕೂತಿದ್ದಳು.

“ಕುಳೀಲಿ ತಣ್ಣಿ ಬಂದುಬುಟ್ಟದೆ ಕಣ್ಣು. ಚೊಂಬು ಎತ್ಕೊಂಡು ಬಾ.”

ಅಮ್ಮ ನನ್ನನ್ನು ಮುದ್ದಿಗೆ ಕರೆಯುವುದೇ ಕಣ್ಣು ಎಂದು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಇಬ್ಬರೂ ನೀರು ಎತ್ತಿ ಹಾಕಿದೆವು. ಎತ್ತಿದಷ್ಟೂ ಒಸರಿತು. ಪಕ್ಕದ ಮನೆಯ ಮಾವ ಹಳೆಯ ಅಭ್ಯಾಸದಿಂದ ಹಾರೆ ಹಿಡಿದು ಏರಿಗೆ ಹೋದವರು ಬರಿಗೈಯಲ್ಲಿ ತಿರುಗಿ ಬಂದರು. ಹಾರೆ ಅಲ್ಲೇ ಮರೆತಿದ್ದರು.

“ತೆಗೀಲಿಲ್ವಾ ಮಾವ?” ಎಂದೆ.

“ಗೌರ್ಮೆಂಟು ಬೀಗ ಅಮ್ಮಣಿ. ಒಡೆದ್ರೆ ಕೇಸು.”

ಕಚೇರಿಗೆ ಫೋನು ಮಾಡಿದೆ. ಮೇಲಕ್ಕೆ ತಿಳಿಸಿದ್ದೇವೆ ಅಂದರು. ಮರುದಿನವೂ ಅದನ್ನೇ, ಅಷ್ಟೇ ಮರ್ಯಾದೆಯಿಂದ ಅಂದರು.

ಮಳೆ ನಿಂತ ಮೇಲೆ ಒಬ್ಬ ಅಧಿಕಾರಿ ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಮಾತು. ಬಗ್ಗಿ ಕುಳಿಯನ್ನು ನೋಡಿ, ಅಂತರ್ಜಲ ಎಷ್ಟು ಚೆನ್ನಾಗಿ ಏರಿದೆ ನೋಡಿ ಎಂದು ಜೊತೆಯವರಿಗೆ ತಮಿಳಿನಲ್ಲಿ ಹೇಳಿದರು. ಫೋಟೋ ಬೇಕು, ಅಮ್ಮ ಪಕ್ಕದಲ್ಲಿ ನಿಲ್ಲಲಿ ಎಂದರು. ಅಮ್ಮ ಸೆರಗು ಸರಿಮಾಡಿಕೊಂಡು ನಿಂತಳು. ಚೊಂಬು ಅಡ್ಡ ಬರುತ್ತದೆಂದು ನಾನೇ ಸರಿಸಿದೆ. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈಗ ಬರೆಯುವಾಗಲೂ ಬರುತ್ತಿಲ್ಲ.

ತೋಟದವರ ಬಾವಿಗಳು ತುಂಬಿದವು. ಬಸ್ಸಿಗೆ ನಿಂತಿದ್ದ ನನ್ನ ಕೈಗೆ ಒಂದು ತೋಟದ ಮನೆಯ ಹೆಂಗಸು ಒಂದು ಕಟ್ಟು ಸೊಪ್ಪು ಕೊಟ್ಟಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸೊಪ್ಪು ತೆಗೆದುಕೊಂಡೆ, ರಾತ್ರಿ ಸಾರು ಮಾಡಿದೆವು, ಚೆನ್ನಾಗಿಯೇ ಇತ್ತು.

ತೂಬು ತೆರೆಯುವ ಅಪ್ಪಣೆ ಬರುವಷ್ಟರಲ್ಲಿ ಮಗ್ಗದ ಹಗ್ಗಗಳು ಕೊಳೆತಿದ್ದವು, ಎಳೆಗಳಿಗೆ ಬೂಷ್ಟು ಹಿಡಿದಿತ್ತು. ಅರ್ಧ ಸೀರೆಯನ್ನು ಮಗ್ಗದಿಂದ ಕತ್ತರಿಸುವುದು ನಮ್ಮಲ್ಲಿ ಸಾವಿನ ಮನೆಯಲ್ಲೂ ಮಾಡದ ಕೆಲಸ. ಅಮ್ಮ ಕತ್ತರಿ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದಳು. ಮುಂದಿನ ಮಳೆಗೂ ಇದೇ ಪಾಡು ಎಂದು ಕುಳಿಗೆ ಇಟ್ಟಿಗೆ ಚೂರು ತುಂಬಿ ಸಿಮೆಂಟು ಹಾಕಿಸಿದೆವು. ನೆಲ ಒಣಗಿದ ದಿನ ಅಮ್ಮ ಅಭ್ಯಾಸಬಲದಿಂದ ಅಲ್ಲೇ ಹೋಗಿ ಕೂತಳು. ಕಾಲು ಮಡಚಿದಳು, ಚಾಚಿದಳು, ಮತ್ತೆ ಮಡಚಿದಳು.

“ಕಾಲು ಎಲ್ಲಿ ಬಿಡೋದು ಕಣ್ಣು?” ಅಂದಳು.