ನನ್ನ ಪಾದಕ್ಕಷ್ಟೇ ಒಗ್ಗುವ ಬೂಟುಗಳು

ಮಿತ್ರರೇ, ಇಂದು ಬೆಳಿಗ್ಗೆ ವಿಜಯನಗರದ ದೇವಾಲಯದಿಂದ ಹೊರಬಂದಾಗ ನನ್ನ ಹೊಸ ಬೂಟುಗಳು ಕಾಣೆಯಾಗಿದ್ದವು. ಮಂಗಳಾರತಿಯ ವೇಳೆಯಲ್ಲೂ ನನ್ನ ಮನಸ್ಸು ಅವುಗಳ ಬಳಿಯೇ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಬಲಪಾದ ಎಡಪಾದಕ್ಕಿಂತ ಅಗಲ. ಹೆಬ್ಬೆರಳಿನ ಬುಡದಲ್ಲಿ ಮೂಳೆಯೂ ಉಬ್ಬಿದೆ. ಹೊಸಹಳ್ಳಿಯಲ್ಲಿ ಬೂಟು ಹೊಲಿಯುವ ನಂಜಪ್ಪನವರು ಎರಡು ಪಾದಗಳನ್ನೂ ಕಾಗದದ ಮೇಲೆ ಬೇರೆ ಬೇರೆಯಾಗಿ ಬರೆದುಕೊಂಡು, ಆ ಉಬ್ಬಿಗೂ ಜಾಗವಿಟ್ಟು ಹೊಲಿದುಕೊಟ್ಟಿದ್ದರು. ಎಷ್ಟೋ ವರ್ಷಗಳ ಬಳಿಕ ನೋವಿಲ್ಲದೆ ನಡೆಯುತ್ತಿದ್ದೆ.

ಅಷ್ಟರಲ್ಲಿ ನಡುವಯಸ್ಸಿನ ಗೃಹಸ್ಥರೊಬ್ಬರು ನನ್ನ ಬೂಟುಗಳಲ್ಲೇ ಕುಂಟುತ್ತ ಹಿಂದಿರುಗಿದರು.

“ಸಾರಿ ಸಾರ್, ನಂದೇ ಅಂದ್ಕೊಂಡು ಹಾಕ್ಕೊಂಡ್ ಹೋಗ್ಬಿಟ್ಟೆ. ಏನ್ ಸಾರ್ ಇದು, ಎಡಗಾಲು ಕಚ್ಚುತ್ತೆ, ಬಲಗಾಲು ಲೂಸು!”

“ನನಗೆ ಎರಡೂ ಸರಿಯಾಗೇ ಇವೆಯಲ್ಲಪ್ಪಾ.”

“ಯಾರ್ ಸಾರ್ ಮಾಡಿದ್ದು? ನಂಗೂ ಅಡ್ರೆಸ್ ಕೊಡಿ.”

ನಾಳೆಯಿಂದ ಮಂಗಳಾರತಿಯಲ್ಲಿ ನಿಶ್ಚಿಂತೆಯಿಂದ ಕಣ್ಣು ಮುಚ್ಚಬಲ್ಲೆ. ಆ ಏಕಾಗ್ರತೆಯ ಪುಣ್ಯದಲ್ಲಿ ಅರ್ಧಪಾಲು ನಂಜಪ್ಪನವರಿಗೇ ಸಲ್ಲಬೇಕು.