ನಾಯಿಗೆ ಅಡ್ಡಿಯಿಲ್ಲ

2004ರಲ್ಲಿ ನಾನು ಕಾರವಾರದ ಒಂದು ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿದ್ದೆ. ನಮ್ಮ ವಿಭಾಗಕ್ಕೆ ಬರುವವರು ಅಕ್ಕಪಕ್ಕದವರಿಗೆ ತಲೆನೋವೆಂದು ಹೇಳಿ ಬರುತ್ತಿದ್ದ ಕಾಲ ಅದು. ಅದು ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ.

ನಾಗೇಶ ಬೆಳಂಬಾರದ ಮೀನುಗಾರರ ಮನೆಯವನು. ದೋಣಿ ಮಗುಚಿ ಅವನ ಕಣ್ಣೆದುರೇ ತಮ್ಮ ನೀರುಪಾಲಾದ ಮೇಲೆ ಅವನು ಸಮುದ್ರಕ್ಕಿಳಿಯಲಿಲ್ಲ. ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ, ಅದರ ಕಾಲೊನಿಯಲ್ಲಿ ಕ್ವಾರ್ಟರ್ಸ್ ಸಿಕ್ಕಿತು. ಆದರೆ ಹೊಸ್ತಿಲು ದಾಟಿದರೆ ಎದೆ ಬಿಗಿದು ಉಸಿರು ಸಿಕ್ಕಿಕೊಳ್ಳುತ್ತಿತ್ತು. ಆ ತಮ್ಮ ಸಾಕಿದ್ದ ನಾಯಿ ಮೋತಿ ಪಕ್ಕದಲ್ಲಿದ್ದರೆ ಮಾತ್ರ ನಡೆಯುತ್ತಿದ್ದ. ಮೋತಿ ಅವನನ್ನು ಕಾರ್ಖಾನೆಯ ಗೇಟಿನವರೆಗೆ ಬಿಟ್ಟು ತಾನೇ ಮನೆಗೆ ಮರಳುತ್ತಿತ್ತು.

ಕ್ವಾರ್ಟರ್ಸಿನಲ್ಲಿ ಪ್ರಾಣಿ ಸಾಕುವಂತಿರಲಿಲ್ಲ. ನಾಯಿಯನ್ನು ಹೊರಗೆ ಕಳಿಸಲು ಕಾಲೊನಿಯ ಅಧಿಕಾರಿ ಹದಿನೈದು ದಿನದ ಗಡುವು ಕೊಟ್ಟರು. ನಾಗೇಶನ ಹೆಂಡತಿ ಸುಶೀಲಾ ಅವನನ್ನೂ ಮೋತಿಯನ್ನೂ ರಿಕ್ಷಾದಲ್ಲಿ ನನ್ನ ಬಳಿ ಕರೆತಂದಳು.

"ಡಾಕ್ಟ್ರಮ್ಮ, ಒಂದು ಚೀಟಿ ಬರ್ದ್ಕೊಡಿ. ಮೋತಿ ಹೋದ್ರೆ ಇವ್ರು ಮನೆಯಿಂದ ಹೊರಗೇ ಬೀಳೂದಿಲ್ಲ. ಕೆಲ್ಸನೂ ಹೋಗ್ತದೆ."

ಈಗ ಇಂಥ ನಾಯಿಗೆ 'ಎಮೋಷನಲ್ ಸಪೋರ್ಟ್ ಅನಿಮಲ್', ಮನಸ್ಸಿಗೆ ಆಸರೆಯಾಗುವ ಪ್ರಾಣಿ, ಎನ್ನುತ್ತಾರೆ. ಆಗ ನನ್ನ ಬಳಿ ಅದಕ್ಕೊಂದು ನಮೂನೆಯೂ ಇರಲಿಲ್ಲ. ನಾಗೇಶನನ್ನು ಮೂರು ಸಲ ಪರೀಕ್ಷಿಸಿದೆ. ನಾನು ಹೇಳಿದ್ದಕ್ಕೆ ಒಬ್ಬನೇ ಹೊರಗೆ ನಾಲ್ಕು ಹೆಜ್ಜೆ ನಡೆದು ಬಂದಾಗ ನಾಡಿಬಡಿತ 116, ಮೋತಿ ಕಾಲ ಬಳಿ ಮಲಗಿ ಹತ್ತು ನಿಮಿಷಕ್ಕೆ 84. ಆಮೇಲೆ ಒಂದಿಡೀ ಪುಟ ಬರೆದೆ. ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್, ಅಂದರೆ ಆಘಾತ ಕಳೆದರೂ ಅದರ ಭಯ ಮರುಕಳಿಸುವ ಕಾಯಿಲೆ, ಕೊಡುತ್ತಿದ್ದ ಮಾತ್ರೆಗಳು, ಸಾಯುವ ಯೋಚನೆ ಒಮ್ಮೆ ಬಂದಿದ್ದು, ಎಲ್ಲ. ಕಾಗದ ತೂಕವಾಗಿದ್ದಷ್ಟೂ ಅಧಿಕಾರಿ ಬಗ್ಗುತ್ತಾರೆಂದು ನನ್ನ ಲೆಕ್ಕ. ಬರೆದು ಮುಗಿಸಿ ಹೆಮ್ಮೆಯನ್ನೂ ಪಟ್ಟೆ.

ಅಧಿಕಾರಿ ಕೆಟ್ಟವರಲ್ಲ. ಮೆಟ್ಟಿಲ ಕೆಳಗೆ ಡ್ರಮ್ ಇಡಬೇಕಾದರೂ ಬ್ಲಾಕಿನ ಮನೆಗಳಿಂದ 'ಅಭ್ಯಂತರವಿಲ್ಲ' ಎಂದು ಸಹಿ ಪಡೆಯುವುದು ಆ ಕಾಲೊನಿಯ ರೂಢಿ. ಅವರು ರೂಢಿಯಂತೆ ನನ್ನ ಸರ್ಟಿಫಿಕೇಟನ್ನೂ ಫೈಲಿಗೆ ಸೇರಿಸಿ ಪ್ಯೂನ್ ಕೈಲಿ ಮನೆಮನೆಗೆ ಕಳಿಸಿದರು. ಬ್ಲಾಕಿನ ಉಳಿದ ಐದು ಮನೆಯವರೂ ಓದಿದರು.

ವಾರದ ನಂತರ ನಾಗೇಶ ಆ ಮನೆಯವರು ಬರೆದುಕೊಟ್ಟಿದ್ದರ ಜೆರಾಕ್ಸ್ ಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟ. "ನಾಯಿಯ ಬಗ್ಗೆ ಅಭ್ಯಂತರವಿಲ್ಲ. ಮಾನಸಿಕ ರೋಗಿ ನಮ್ಮ ಬ್ಲಾಕಿನಲ್ಲಿ ಇರುವುದು ಬೇಡ." ಕೆಳಗೆ ಐದು ಸಹಿ.

"ನಾಯಿ ಇರೂಕೆ ಅಡ್ಡಿಲ್ಲಂತೆ, ಡಾಕ್ಟ್ರಮ್ಮ. ನಾ ಇರೂಕೆ ಆಗೂದಿಲ್ಲಂತೆ," ಅಂದ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನವೇ ಕಾಲೊನಿಗೆ ಹೋಗಿ ಸರ್ಟಿಫಿಕೇಟ್ ವಾಪಸ್ ಕೊಡಿ ಎಂದೆ. ಅಧಿಕಾರಿ ಕೊಟ್ಟರು. "ಕಾಗ್ದ ತಕ್ಕೊಳ್ಳಿ ಮೇಡಂ. ಓದಿದ್ದು ಹ್ಯಾಗೆ ವಾಪಸ್ ತಕ್ಕೊಳ್ತ್ರಿ?" ಎಂದು ಕೇಳಿದರು. ಕಾಗದ ಮಡಚಿಕೊಂಡು ನಾಗೇಶನ ಕ್ವಾರ್ಟರ್ಸಿಗೆ ಹೋದೆ. ಸುಶೀಲಾ ಹೇಳಿದಳು, ಮೀನುಸಾರು ಕೊಡಲು ಹೋದರೆ ಪಕ್ಕದ ಮನೆಯವರು ಬಾಗಿಲು ತೆರೆಯುತ್ತಿಲ್ಲ.

ಕ್ವಾರ್ಟರ್ಸ್ ಬಿಡಿ ಎಂದು ಯಾರೂ ಆದೇಶ ಕೊಡಲಿಲ್ಲ. ಒಂದು ತಿಂಗಳು ತಡೆದು ಗಂಡ ಹೆಂಡತಿ ತಾವೇ ಬಿಟ್ಟು ಬೊಬ್ರುವಾಡದಲ್ಲಿ ಬಾಡಿಗೆಗೆ ಹೋದರು. ಅಲ್ಲಿಂದ ಕಾರ್ಖಾನೆಗೆ ಬಸ್ಸೇ ಗತಿ. ಬಸ್ಸಿನಲ್ಲಿ ಮೋತಿಯನ್ನು ಹತ್ತಿಸಿಕೊಳ್ಳಲಿಲ್ಲ. ಒಬ್ಬನೇ ಹೋಗಲು ನಾಗೇಶ ನಾಲ್ಕು ದಿನ ಪ್ರಯತ್ನಪಟ್ಟ; ಐದನೆಯ ದಿನದಿಂದ ಬಸ್ ಸ್ಟಾಪಿಗೂ ಹೋಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ನನ್ನ ಕೆಲಸ.

ಆಮೇಲೆ ನಿವೃತ್ತಿಯವರೆಗೂ ಇಂಥ ಚೀಟಿಗಳಲ್ಲಿ ಕಾಯಿಲೆಯ ಹೆಸರು ಬರೆಯಲಿಲ್ಲ. 'ಇವರ ಆರೋಗ್ಯಕ್ಕೆ ಇದು ಅಗತ್ಯ' ಎಂದು ಒಂದೇ ಸಾಲು ಬರೆದು ಸಹಿ ಹಾಕುತ್ತಿದ್ದೆ. ಸಾಮಾನ್ಯವಾಗಿ ಯಾರೂ ಹೆಚ್ಚು ಕೇಳಲಿಲ್ಲ. ನಾಗೇಶನಿಗೂ ಅಷ್ಟೇ ಸಾಕಿತ್ತೇನೋ.