ನಸುಕಿನಲ್ಲಿ ಮುಳುಗಿದ ಸೂರ್ಯ

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಬಾಗಲಕೋಟೆಯ ನಮ್ಮ ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂತು. ನಾನು ಗಣಿತದ ಅಧ್ಯಾಪಕಿಯಾಗಿದ್ದೆ. ಯಂತ್ರದ ಉಸ್ತುವಾರಿ ನನ್ನದು ಮತ್ತು ಭೌತಶಾಸ್ತ್ರ ಕಲಿಸುತ್ತಿದ್ದ ಇಳಕಲ್ಲಿನ ಸಹೋದ್ಯೋಗಿಯದು. ಅವರಿಗೆ ಪರದೇಶದ ರೇಡಿಯೋ ಕೇಳುವ ಹುಚ್ಚು.

ಆ ಜನವರಿಯ ವಿಜ್ಞಾನ ಪ್ರದರ್ಶನಕ್ಕೆಂದು ಅವರು ಪುಣೆಯಿಂದ ಒಂದು ಫ್ಲಾಪಿ ತಂದರು. ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ ಅಲ್ಲಿ ಸೂರ್ಯ ಎಷ್ಟಕ್ಕೆ ಮುಳುಗುತ್ತಾನೆಂದು ಹೇಳುವ ಪ್ರೋಗ್ರಾಂ.

"ಮೊದಲ ಟೈಮ್ ಹೇಳಿಬಿಡೂಣ್ರಿ ಬಾಯಾರ. ಆಮ್ಯಾಲೆ ಮಂದೀನ ಮಾಳಗಿ ಮ್ಯಾಲೆ ಕರಕೊಂಡು ಹೋಗಿ ತೋರಸೂಣು," ಎಂದರು. ಪ್ರಾಂಶುಪಾಲರು ಹಿಗ್ಗಿ ಊರಿಗೆಲ್ಲ ಹೇಳಿಬಿಟ್ಟರು. ಗುಳೇದಗುಡ್ಡದಿಂದ ನನ್ನ ಅವ್ವನೂ ಬಂದಳು.

ಪ್ರದರ್ಶನದ ದಿನ ಮಧ್ಯಾಹ್ನ ಒಮ್ಮೆ ಓಡಿಸಿ ನೋಡಿದೆವು. ಸೂರ್ಯಾಸ್ತ, ಬೆಳಗಿನ ನಾಲ್ಕು ಐವತ್ತಕ್ಕೆ ಎಂದು ಬಂತು! ಹಿಂದೆ ನಿಂತಿದ್ದ ಅವ್ವ ಕೇಳಿದಳು: "ನಿನ್ನ ಪೆಟಗಿ ಇನ್ನಾ ನಿದ್ದಿಗಣ್ಣಾಗೈತೇನ?"

ಯಂತ್ರದ ಗಡಿಯಾರ ನೋಡಿದೆ, ಸರಿಯಾಗಿಯೇ ಇತ್ತು. ಅಕ್ಷಾಂಶ, ರೇಖಾಂಶವೂ ಸರಿ. ನಾನು ಅವನ್ನೇ ಮತ್ತೆ ಮತ್ತೆ ನೋಡಿದೆ. ಸಹೋದ್ಯೋಗಿ ಮಾತ್ರ ಬೆರಳು ಮಡಿಚುತ್ತ ಲೆಕ್ಕ ಹಾಕುತ್ತಿದ್ದರು.

"ನಿನ್ನೆ ಸಂಜಿ ಆರೂ ಇಪ್ಪತ್ತರ ಸುಮಾರ ಮುಳಗಿತ್ತು. ಅಂದ್ರ ಹದಿಮೂರೂವರಿ ತಾಸು ಹಿಂದ ಐತಿ. ಇದು ಅಮೆರಿಕಾದ ಪಡುವಣ ದಂಡಿ ಟೈಮ್ ರೀ! ರೇಡಿಯೋದಾಗ ದಿನಾ ಕೇಳ್ತೇನಿ."

ಆಗ ನನಗೆ ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಯುವಾಗ ಓದಿದ್ದು ನೆನಪಾಯಿತು. ಗಡಿಯಾರ ಗಂಟೆ ಹೇಳುತ್ತದೆಯೇ ಹೊರತು ಅದು ಯಾವ ದೇಶದ ಗಂಟೆ ಎಂದು ಹೇಳುವುದಿಲ್ಲ. ಅದನ್ನು ತಿಳಿಯಲು ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಯಂತ್ರದಲ್ಲಿ ಬೇರೊಂದು ಸೂಚನೆ ಹುಡುಕುತ್ತದೆ. ಸಿಗದಿದ್ದರೆ ಆ ಭಾಷೆಯ ತಂತ್ರಾಂಶ ತಯಾರಿಸಿದ ಅಮೆರಿಕಾದ ಕಂಪನಿಯ ಊರಿನ ಕಾಲವನ್ನೇ ಹಿಡಿಯುತ್ತದೆ. ನಮ್ಮ ಯಂತ್ರಕ್ಕೆ ಆ ಸೂಚನೆಯನ್ನು ಯಾರೂ ಕೊಟ್ಟಿರಲಿಲ್ಲ.

ನಾವು ಗ್ರೀನಿಚ್‌ಗಿಂತ ಐದೂವರೆ ತಾಸು ಮುಂದೆ ತಾನೆ? ಪ್ಲಸ್ ಹಾಕಿ ಐದೂವರೆ ಎಂದು ಬರೆದೆ. ಸೂರ್ಯ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಮುಳುಗಿದ.

"ಸ್ವಲ್ಪ ಎಚ್ಚರಾತು ನೋಡ," ಎಂದಳು ಅವ್ವ.

ನಮಗಿಬ್ಬರಿಗೂ ನಗು ತಡೆಯಲಾಗಲಿಲ್ಲ. ನಕ್ಕು ಹಗುರಾದ ಮೇಲೆ ತಲೆ ಓಡಿತು. ನಮ್ಮ ಗಂಟೆಗೆ ಎಷ್ಟು ಕೂಡಿಸಿದರೆ ಗ್ರೀನಿಚ್ ಗಂಟೆ ಬರುತ್ತದೆ ಎಂದು ಪ್ರೋಗ್ರಾಂ ಕೇಳುತ್ತಿತ್ತು. ನಾವು ಕೂಡಿಸಬೇಕಿರಲಿಲ್ಲ, ಕಳೆಯಬೇಕಿತ್ತು. ಮೈನಸ್ ಹಾಕಿದೆ. ಸಂಜೆ ಆರು ಇಪ್ಪತ್ತು ಎಂದು ಬಂತು.

ಸಂಜೆ ಮಾಳಿಗೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರ ಕಣ್ಣೂ ಒಮ್ಮೆ ಕೈಗಡಿಯಾರಕ್ಕೆ, ಒಮ್ಮೆ ಪಡುವಣಕ್ಕೆ. ಕೆಂಪು ತುಣುಕು ಹೇಳಿದ ಹೊತ್ತಿಗೇ ಬಯಲಿನಾಚೆ ಇಳಿದಾಗ ಸೀಟಿ, ಚಪ್ಪಾಳೆ. ಸೂರ್ಯನನ್ನು ನಾವೇ ಎಳೆದು ಇಳಿಸಿದೆವೇನೋ ಎಂಬಂತೆ.

ಕುರಿ ಮೇಯಿಸಿಕೊಂಡು ಬಂದಿದ್ದ ಹಿರಿಯರೊಬ್ಬರು ಹತ್ತಿರ ಬಂದರು. "ಭಾಳ ಖರೆ ಹೇಳ್ತು ಬಿಡ್ರಿ. ಹುನಗುಂದದ ಬಸ್ಸು ಯಾವಾಗ ಬರ್ತೈತಿ, ಅದನ್ನಷ್ಟು ಕೇಳಿ ಹೇಳ್ರಿ."

"ಅದು ಸೂರ್ಯಾನ ಕೈಯಾಗೂ ಇಲ್ರಿ ಯಜಮಾನ್ರ," ಎಂದರು ಸಹೋದ್ಯೋಗಿ. ಕತ್ತಲಾಗುವವರೆಗೂ ಜನ ಕೆಳಗಿಳಿಯಲಿಲ್ಲ. ಅವ್ವ ಅವರ ನಡುವೆ ನಿಂತು, ಇದು ನನ್ನ ಮಗಳ ಪೆಟಗಿ ಎಂದು ಎಲ್ಲರಿಗೂ ಹೇಳುತ್ತಿದ್ದಳು.